ಮಡಚುವ ಫೋನ್ ಮೇಲಿನ ಪ್ಲಾಸ್ಟಿಕ್: ಹಳದಿ ಬಣ್ಣ ಕಳ್ಕೊಂಡಿದ್ದು ಹೇಗೆ?

ಇವತ್ತಿನ ಎಪಿಸೋಡ್ ಶುರುವಾಗೋದು ನನ್ನದೇ ಒಂದು ದಡ್ಡತನದಿಂದ. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಮಡಚುವ ಫೋನ್ ತಗೊಂಡೆ. ಅಂಚಲ್ಲಿ ಸ್ವಲ್ಪ ಎದ್ದಿದ್ದ ತೆಳು ಹಾಳೆಯನ್ನ ಹಳೇ ಸ್ಕ್ರೀನ್ ಗಾರ್ಡ್ ಅಂದ್ಕೊಂಡು ಕಿತ್ತುಬಿಟ್ಟೆ. ಅದು ಗಾರ್ಡ್ ಅಲ್ಲ, ಸ್ಕ್ರೀನಿನದೇ ಒಂದು ಪದರ. ರಿಪೇರಿ ಖರ್ಚು ಕೇಳಿದ ಮೇಲೆ ಫೋನ್ ಡ್ರಾಯರ್ ಸೇರಿತು.

ಆಮೇಲೆ ಗೊತ್ತಾಯ್ತು, ನಾನೊಬ್ಬನೇ ಅಲ್ಲ. 2019ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್‌ನ ಮೊದಲ ಗ್ಯಾಲಕ್ಸಿ ಫೋಲ್ಡ್ ವಿಮರ್ಶಕರ ಕೈ ಸೇರಿದಾಗ ಕೆಲವರು ಇದನ್ನೇ ಮಾಡಿದ್ರು. ಬಿಡುಗಡೆ ಸೆಪ್ಟೆಂಬರ್‌ಗೆ ಹೋಯ್ತು. ಆ ಫೋನಿನ ಸ್ಕ್ರೀನ್ ಮೇಲೆ ಗಾಜಿನ ಬದಲು ಇದ್ದದ್ದು ಬಣ್ಣವಿಲ್ಲದ ಪಾಲಿಇಮೈಡ್. ಬಿಕಾಂ ಓದಿದ ನನಗೆ ಈ ಹೆಸರೇ ಹೊಸದು. ಕೂತು ಓದಿದೆ. ಅರ್ಥ ಆಗಿದ್ದನ್ನ ನಿಮಗೂ ಹೇಳ್ತೀನಿ.

ಪಾಲಿಇಮೈಡ್ ಅಂದ್ರೆ ಶಾಖಕ್ಕೆ ಜಗ್ಗದ ಪ್ಲಾಸ್ಟಿಕ್. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತೆ, ಪಾಲಿಕಾರ್ಬೊನೇಟ್ ಸುಮಾರು 150ಕ್ಕೆ. 1960ರ ದಶಕದಲ್ಲಿ ಡುಪಾಂಟ್ ಕಂಪನಿ ತಂದ ಕ್ಯಾಪ್ಟನ್ ಅನ್ನೋ ಪಾಲಿಇಮೈಡ್ ಹಾಳೆ 400 ಡಿಗ್ರಿ ಹತ್ತಿರವೂ ತಡೆಯುತ್ತೆ. ಅಪೊಲೊ ಚಂದ್ರನೌಕೆಯ ಫೋಟೋಗಳಲ್ಲಿ ಚಿನ್ನದ ಬಣ್ಣದ ಹೊದಿಕೆ ಕಾಣುತ್ತಲ್ಲ, ಅದರಲ್ಲಿ ಇದೇ ಕ್ಯಾಪ್ಟನ್ ಇದೆ. ಆ ಚಿನ್ನದ ಬಣ್ಣವೇ ಸಮಸ್ಯೆ. ಹಳದಿ ಹಾಳೆಯನ್ನ ಫೋನ್ ಸ್ಕ್ರೀನ್ ಮೇಲೆ ಯಾರು ಹಾಕ್ತಾರೆ?

ಹಳದಿ ಯಾಕೆ? ಇದು ಎರಡು ಬಗೆಯ ಅಣುಗಳನ್ನ ಒಂದಾದ ಮೇಲೆ ಒಂದು ಜೋಡಿಸಿದ ಸರಪಳಿ. ಒಂದು ಎಲೆಕ್ಟ್ರಾನ್ ಕೊಡೋ ಸ್ವಭಾವದ್ದು, ಇನ್ನೊಂದು ಎಳ್ಕೊಳ್ಳೋದು. ದೋಸೆ ಮೇಲೆ ದೋಸೆ ಪೇರಿಸಿದ ಹಾಗೆ ಸರಪಳಿಗಳು ಒತ್ತೊತ್ತಾಗಿ ಕೂತಿರ್ತವೆ. ಅದಕ್ಕೇ ಶಾಖ ತಡೆಯೋ ಗಟ್ಟಿತನ. ಆದ್ರೆ ಅಷ್ಟು ಹತ್ತಿರ ಇದ್ದಾಗ ಈ ಕೊಡು-ಕೊಳ್ಳುವಿಕೆ ಸಲೀಸು, ಅದಕ್ಕೆ ಬೇಕಾದ ಶಕ್ತಿಯನ್ನ ನೀಲಿ ಬೆಳಕಿನಿಂದ ಪಡೆಯುತ್ತೆ. ಬೆಳಕಿಂದ ನೀಲಿ ಹೋದ್ರೆ ನಮ್ಮ ಕಣ್ಣಿಗೆ ಉಳಿಯೋದು ಹಳದಿ. ಅಂದ್ರೆ ಗಟ್ಟಿತನ, ಬಣ್ಣ ಎರಡಕ್ಕೂ ಕಾರಣ ಒಂದೇ.

1980ರ ದಶಕದಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಆ್ಯನ್ ಸೇಂಟ್ ಕ್ಲೇರ್ ಮತ್ತು ಟೆರ್ರಿ ಸೇಂಟ್ ಕ್ಲೇರ್, ಬಾಹ್ಯಾಕಾಶದ ಬಳಕೆಗೆ ಅಂತ ಬಣ್ಣವಿಲ್ಲದ ಪಾಲಿಇಮೈಡ್ ಮಾಡಿದ್ರು. ಅವರ ಒಂದು ಮುಖ್ಯ ಉಪಾಯ: ಒಂದು ಇಂಗಾಲ, ಮೂರು ಫ್ಲೋರಿನ್ ಇರುವ ದಪ್ಪ ಗುಂಪುಗಳನ್ನ ಸರಪಳಿಗೆ ಸೇರಿಸೋದು. ದೋಸೆಗಳ ನಡುವೆ ಒಂದೊಂದು ಪಡ್ಡು ಇಟ್ರೆ ಅಂಟಿಕೊಳ್ಳಲ್ಲ ನೋಡಿ, ಹಾಗೆ. ಇನ್ನೊಂದು ಉಪಾಯ, ಸರಪಳಿಯ ನಡುನಡುವೆ ತಿರುವು ಕೊಡೋದು. ನೀಲಿ ಬೆಳಕು ಪಾರಾಗುತ್ತೆ, ಹಾಳೆ ತಿಳಿಯಾಗುತ್ತೆ.

ಆದ್ರೆ ಲೆಕ್ಕಪುಸ್ತಕದ ಇನ್ನೊಂದು ಕಡೆಯನ್ನೂ ತುಂಬಬೇಕಲ್ಲ. ಫ್ಲೋರಿನ್ ಇರುವ ಕಚ್ಚಾವಸ್ತು ದುಬಾರಿ. ಸರಪಳಿಗಳ ಬಿಗಿ ಸಡಿಲವಾದ್ರೆ ಬಿಸಿಗೆ ಹಾಳೆ ಹೆಚ್ಚು ಹಿಗ್ಗುತ್ತೆ. ಅದರ ಮೇಲೆ ಸರ್ಕ್ಯೂಟ್ ಕೂರಿಸಿದ್ರೆ ಹಾಳೆ ಡೊಂಕಾಗಬಹುದು.

ಇನ್ನೊಂದು ಬೇಡಿಕೆ, ಥರ್ಮೋಪ್ಲಾಸ್ಟಿಕ್ ಆಗಿರಬೇಕು ಅನ್ನೋದು. ಬೆಲ್ಲ ಬಿಸಿ ಮಾಡಿದ್ರೆ ಕರಗುತ್ತೆ, ಆರಿದ್ರೆ ಮತ್ತೆ ಗಟ್ಟಿ. ಬೆಂದ ಇಡ್ಲಿ ಮಾತ್ರ ಮತ್ತೆ ಹಿಟ್ಟಾಗಲ್ಲ. ಕ್ಯಾಪ್ಟನ್ ಇಡ್ಲಿಯ ಜಾತಿ. ದ್ರಾವಣವಾಗಿ ಹರಡಿ, ಕಾಯಿಸಿ ಹಾಳೆ ಮಾಡಿದ ಮೇಲೆ ಕರಗಿಸಿ ಅಚ್ಚಿಗೆ ಹಾಕೋಕೆ ಆಗಲ್ಲ. ಬೆಲ್ಲದ ಜಾತಿ ಬೇಕಂದ್ರೆ ಸರಪಳಿಯಲ್ಲಿ ಬಾಗುವ ಕೀಲು ಇಡಬೇಕು. ಸಾಮಾನ್ಯವಾಗಿ ಅದು ಆಮ್ಲಜನಕದ ಒಂದು ಕೊಂಡಿ. ಜಿಇ ಕಂಪನಿ 1982ರಲ್ಲಿ ತಂದ ಅಲ್ಟೆಮ್ ಹಾಗೆ ಮಾಡಿದ್ದು. ಅದನ್ನ ಅಚ್ಚಿಗೆ ಹಾಕಬಹುದು, ಆದ್ರೆ 217 ಡಿಗ್ರಿಗೆ ಮೆತ್ತಗಾಗುತ್ತೆ. ಬಣ್ಣವೂ ಜೇನಿನ ಹಾಗೆ.

ಕರಗೋ ಗುಣದ ಬೆಲೆ ಎಲ್ಲಿ ಗೊತ್ತಾಗುತ್ತೆ? ಜಪಾನ್ 2010ರಲ್ಲಿ ಹಾರಿಸಿದ ಇಕಾರೋಸ್‌ನಲ್ಲಿ. ಬಿಸಿಲಿನ ಒತ್ತಡದಿಂದ ಸಾಗೋ ಆ ನೌಕೆಯ ಹಾಯಿ 14 ಮೀಟರ್ ಚೌಕ, ದಪ್ಪ ಬರೀ 7.5 ಮೈಕ್ರಾನ್. ಅದರಲ್ಲಿ ಬಳಸಿದ ಒಂದು ಪಾಲಿಇಮೈಡನ್ನ ಬಿಸಿ ಮಾಡಿಯೇ ಬೆಸೆಯಬಹುದಿತ್ತು, ಅಂಟು ಬೇಕಿರಲಿಲ್ಲ.

ಹಾಗಾಗಿ ಪಾರದರ್ಶಕ, ಶಾಖ ತಡೆಯುವ, ಮತ್ತೆ ಕರಗುವ, ಈ ಮೂರನ್ನೂ ಪೂರ್ತಿಯಾಗಿ ಕೊಡೋ ಅಣು ಮಾಡೋದು ಕಷ್ಟ. ಒಂದನ್ನ ಎಳೆದ್ರೆ ಇನ್ನೊಂದು ಜಾರುತ್ತೆ. ಯಾವುದನ್ನ ಎಷ್ಟು ಬಿಟ್ಟುಕೊಡಬೇಕು ಅಂತ ಮೊದಲೇ ತೀರ್ಮಾನ ಮಾಡೋದೇ ಇಲ್ಲಿ ಡಿಸೈನ್.

2020ರಲ್ಲಿ ಗ್ಯಾಲಕ್ಸಿ ಝಡ್ ಫ್ಲಿಪ್‌ಗೆ ಅತಿ ತೆಳು ಗಾಜು ಬಂತು. ಆದ್ರೆ ಅದರ ಮೇಲೂ ಒಂದು ಪ್ಲಾಸ್ಟಿಕ್ ಪದರ ಇದ್ದೇ ಇತ್ತು. ಆದ್ದರಿಂದ ಮಡಚುವ ಫೋನ್ ತಗೊಳ್ಳೋರಿಗೆ ನನ್ನ ಮಾತು ಇಷ್ಟೇ: ಅಂಚಲ್ಲಿ ಏನಾದ್ರೂ ಎದ್ದಿದ್ರೆ ಉಗುರು ಹಾಕಬೇಡಿ, ಸರ್ವಿಸ್ ಸೆಂಟರ್‌ನಲ್ಲಿ ತೋರಿಸಿ. ನನ್ನ ಫೋನ್ ಇನ್ನೂ ಡ್ರಾಯರ್‌ನಲ್ಲೇ ಇದೆ. ಮುಂದಿನ ವಾರ ಸಿಗೋಣ.