ಎರಡು ಎದೆಬಡಿತ, ಒಂದು ಒಡಲು

ಕುಂಬಳೆಯಿಂದ ಮಂಗಳೂರಿಗೆ ಸುಮಾರು 40 ಕಿಲೋಮೀಟರ್. ತುಂಬುಬಸುರಿ ತಂಗಿಯನ್ನು ಕೂರಿಸಿಕೊಂಡು ಹೋದ ದಿನ ಉಪ್ಪಳ, ಮಂಜೇಶ್ವರ ದಾಟಿದ್ದೇ ನೆನಪಿಲ್ಲ. “ಅಣ್ಣ, ಬೆಳಗ್ಗಿನಿಂದ ಮಗು ಹಂದಾಡುವುದು ಕಡಿಮೆ” ಎಂದವಳು ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್ ತಣ್ಣನೆಯ ಜೆಲ್ ಸವರಿ ಡಾಪ್ಲರ್ ಒತ್ತಿದರು. ಮೊದಲು ಬರೀ ಗೊರಗೊರ. ಒಂದಿಷ್ಟು ಕೆಳಕ್ಕೆ ಸರಿಸಿದಾಗ ಕುದುರೆ ಓಡಿದಂತೆ ಸದ್ದು, ಪರದೆಯಲ್ಲಿ 142. ತಂಗಿ ಅತ್ತುಬಿಟ್ಟಳು.

ಆ ಸದ್ದನ್ನು ವೈದ್ಯರು ಗುರುತಿಸಿ ಬರೆದಿಟ್ಟು ಇನ್ನೂರು ವರ್ಷ ಕಳೆದಿದೆ. 1818ರಲ್ಲಿ ಜಿನೀವಾದ ಶಸ್ತ್ರವೈದ್ಯ ಫ್ರಾನ್ಸ್ವಾ ಮೇಯರ್ ಬಸುರಿಯ ಹೊಟ್ಟೆಗೆ ಕಿವಿಯಿಟ್ಟು ಕೇಳಿದರು. 1821ರಲ್ಲಿ ಫ್ರಾನ್ಸಿನ ವೈದ್ಯ ಕೆರ್ಗರಾದೆಕ್, ಅಲ್ಲಿನ ಇನ್ನೊಬ್ಬ ವೈದ್ಯ ಲೆನೆಕ್ ಆಗಷ್ಟೇ ಕಂಡುಹಿಡಿದಿದ್ದ ಸ್ಟೆತಸ್ಕೋಪ್ ಇಟ್ಟರು. ಅವರು ಹುಡುಕುತ್ತಿದ್ದದ್ದು ಮಗು ಮಿಸುಕುವಾಗ ಗರ್ಭದ ನೀರು ಕಲಕುವ ಸದ್ದು. ಕೇಳಿಸಿದ್ದು ಗಡಿಯಾರದ ಟಿಕ್‌ಟಿಕ್. ತಾಯಿಯ ನಾಡಿಗೂ ಅದಕ್ಕೂ ತಾಳವೇ ಹೊಂದಲಿಲ್ಲ. ಮಗುವಿನ ಎದೆ ನಿಮಿಷಕ್ಕೆ 110ರಿಂದ 160 ಸಲ ಬಡಿಯುತ್ತದೆ. 1895ರ ಪಿನಾರ್ ಕೊಳವೆ, 1960ರ ದಶಕದ ಡಾಪ್ಲರ್, ಬಡಿತವನ್ನು ಗ್ರಾಫ್ ಆಗಿ ಬರೆಯುವ ಸಿಟಿಜಿ ಯಂತ್ರ ಎಲ್ಲ ಆಮೇಲೆ ಬಂದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ದಾರಿ. ಸದ್ದಿನ ಬದಲು ಎದೆ ಹುಟ್ಟಿಸುವ ವಿದ್ಯುತ್ತನ್ನೇ ತಾಯಿಯ ಹೊಟ್ಟೆಯ ಮೇಲಿಂದ ಹಿಡಿಯುವುದು. 1906ರಲ್ಲೇ ಜರ್ಮನಿಯ ಮ್ಯಾಕ್ಸ್ ಕ್ರೆಮರ್ ಮಗುವಿನ ಇಸಿಜಿಯನ್ನು ದಾಖಲಿಸಿದ್ದರು. ಆದರೆ ತಾಯಿಯ ಎದೆಯ ವಿದ್ಯುತ್ತು ಮಗುವಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದು ಸಾಲದೆಂಬಂತೆ, ಏಳನೇ ತಿಂಗಳ ಹೊತ್ತಿಗೆ ಮಗುವಿನ ಮೈಗೆ ಹತ್ತುವ ಬೆಣ್ಣೆಯಂಥ ಲೇಪ ಇದ್ದಷ್ಟನ್ನೂ ತಡೆಯುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯವರಿಗೆ ಇದು ಸುಲಭವಾಗಿ ಅರ್ಥವಾದೀತು: ಚೆಂಡೆ ಜೋರಾಗಿ ಬೀಳುತ್ತಿರುವಾಗ ಭಾಗವತರ ಕೈಯ ಜಾಗಟೆಯನ್ನಷ್ಟೇ ಆರಿಸಿ ಕೇಳಬೇಕು. 1975ರಲ್ಲಿ ಅಮೆರಿಕದ ಬರ್ನಾರ್ಡ್ ವಿಡ್ರೋ ಮತ್ತು ಸಂಗಡಿಗರು ಅದಕ್ಕೊಂದು ಉಪಾಯ ತೋರಿಸಿದರು. ತಾಯಿಯ ಎದೆಯ ಮೇಲಿಂದ ಚೆಂಡೆಯನ್ನು ಪ್ರತ್ಯೇಕವಾಗಿ ಹಿಡಿ, ಹೊಟ್ಟೆಯ ಮೇಲೆ ಸಿಕ್ಕಿದ್ದರಿಂದ ಅದನ್ನು ಕಳೆ, ಉಳಿದದ್ದು ಮಗುವಿನದು.

ಹೊಟ್ಟೆಯ ಮೇಲಿಂದಲೇ ಮಗುವಿನ ಬಡಿತ ಹಿಡಿಯುವ ಸಾಧನ ಈಗ ಕನ್ನಡನಾಡಿನಲ್ಲೂ ಇದೆ. 2016ರಲ್ಲಿ ಅರುಣ್ ಅಗರ್ವಾಲ್ ಬೆಂಗಳೂರಿನಲ್ಲಿ ಕಟ್ಟಿದ ಜನಿತ್ರಿ ಸಂಸ್ಥೆಯ ‘ಕೇಯರ್’ ಎಂಬ ಪುಟ್ಟ ಸಾಧನವನ್ನು ಬಸುರಿ ಹೊಟ್ಟೆಯ ಮೇಲೆ ಧರಿಸುತ್ತಾಳೆ. ಮಗುವಿನ ಬಡಿತ, ತಾಯಿಯ ಬಡಿತ, ಗರ್ಭಕೋಶದ ಬಿಗಿತ ಮೂರೂ ದಾಖಲಾಗುತ್ತವೆ.

ಆರೋಗ್ಯವಂತ ಬಸುರಿಗೆ ಹೆರಿಗೆಯುದ್ದಕ್ಕೂ ಯಂತ್ರ ಕಟ್ಟಿಡಬೇಕಿಲ್ಲ, ಆಗಾಗ ಡಾಪ್ಲರ್ ಅಥವಾ ಪಿನಾರ್ ಕೊಳವೆ ಇಟ್ಟು ಕೇಳಿದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಅದನ್ನು ಒಪ್ಪುತ್ತೇನೆ. ಮಿಸುಕಾಟ ಕಡಿಮೆಯಾದರೆ ಯಾವ ಯಂತ್ರಕ್ಕೂ ಕಾಯದೆ ಹೊರಡಬೇಕು, ಅದೂ ನಿಜ. ಆದರೆ 2020ರ ಮಾರ್ಚ್‌ನಲ್ಲಿ, ಕೋವಿಡ್ ಸಮಯದಲ್ಲಿ, ಕೇರಳದ ನಮ್ಮೂರಿಗೂ ಮಂಗಳೂರಿಗೂ ನಡುವಿನ ತಲಪಾಡಿ ಗಡಿ ಮುಚ್ಚಿ ಆಸ್ಪತ್ರೆಯ ದಾರಿಯೇ ಕಡಿದುಹೋದದ್ದನ್ನು ಈ ಸೀಮೆಯವರು ಮರೆತಿಲ್ಲ. ಕೇಯರ್‌ನಂಥದೊಂದು ಸಾಧನ ನಮ್ಮೂರ ಆರೋಗ್ಯ ಕೇಂದ್ರದಲ್ಲೂ ಇರಬೇಕು. ಬಸುರಿಯ ಕಾರು ಉಪ್ಪಳ ದಾಟುವಷ್ಟರಲ್ಲಿ ಅವಳ ಮಗುವಿನ ಗ್ರಾಫ್ ಮಂಗಳೂರಿನ ವೈದ್ಯರ ಕಣ್ಣಮುಂದೆ ಬಿಚ್ಚಿಕೊಂಡಿರಬೇಕು.