ತಲೆಯ ಬೆಲೆ

ಒಬ್ಬ ಮನುಷ್ಯನ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ನಾವು ಮುಖ ಸಿಂಡರಿಸುತ್ತೇವೆ. ಆದರೆ ಆ ಬೆಲೆಯನ್ನು ಅಂಕಿಗಳಲ್ಲಿ ಅಚ್ಚುಹಾಕಿಸಿ, ಗೋಡೆಗೆ ಅಂಟಿಸಿ, ಅಲ್ಲಿಂದಲೇ ಕಥೆಯನ್ನು ಆರಂಭಿಸುವ ಚಲಚ್ಚಿತ್ರಗಳುಂಟು. 1960ರ ದಶಕದಲ್ಲಿ ಇಟಲಿಯವರು ತಯಾರಿಸಿದ 'ವೆಸ್ಟರ್ನ್' ಚಿತ್ರಗಳ ಪೈಕಿ ಇನಾಮು ಬೇಟೆಗಾರರನ್ನು ಕುರಿತವು ಇಂಥವು. ಅವು ಇಂದಿಗೂ ನೋಡುವವರ ಮನಸ್ಸನ್ನು ಸೆರೆಹಿಡಿಯುವುದೇಕೆ ಎಂಬುದನ್ನು ನನ್ನ ಅಲ್ಪಮತಿಗೆ ತೋಚಿದಷ್ಟು ವಿವರಿಸುವುದೇ ಈ ಲೇಖನದ ಉದ್ದೇಶ.

ಇನಾಮು ಬೇಟೆಗಾರನೆಂದರೆ ಯಾರು? ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಶ್ಚಿಮ ಸೀಮೆಯಲ್ಲಿ ದರೋಡೆಕೋರರ ತಲೆಗೆ ಬಹುಮಾನ ಸಾರುತ್ತಿದ್ದರು. ಅಂಥವರನ್ನು ಹಿಡಿದೋ ಕೊಂದೋ ತಂದೊಪ್ಪಿಸಿ ಹಣ ಪಡೆಯುವುದನ್ನೇ ಕಸುಬಾಗಿಸಿಕೊಂಡವನು ಈತ. ಪೊಲೀಸನೂ ಅಲ್ಲ, ಕಳ್ಳನೂ ಅಲ್ಲ. ಹಾಲಿವುಡ್ಡಿನವರಿಗೆ ಈತ ಅಪರಿಚಿತನೇನೂ ಆಗಿರಲಿಲ್ಲ. ಆದರೆ 'ದಿ ನೇಕೆಡ್ ಸ್ಪರ್' (1953) ಚಿತ್ರದ ಬೇಟೆಗಾರ ಕಡೆಯಲ್ಲಿ ಕಣ್ಣೀರಿಟ್ಟು ಹಣವನ್ನೇ ತ್ಯಜಿಸುತ್ತಾನೆ. ಇಟಲಿಯವರ ಬೇಟೆಗಾರ ತನ್ನ ಕಸುಬಿಗಾಗಿ ನಾಚುವವನಲ್ಲ.

ಈ ಬಗೆಯ ಚಿತ್ರಗಳಲ್ಲಿ ಅಗ್ರಗಣ್ಯವಾದುದು ಸೆರ್ಜಿಯೊ ಲಿಯೋನೆ ನಿರ್ದೇಶಿಸಿದ 'ಫಾರ್ ಎ ಫ್ಯೂ ಡಾಲರ್ಸ್ ಮೋರ್' (1965). ಕಥೆ ಅಮೆರಿಕದ್ದಾದರೂ ಅದರ ಬಹುಭಾಗವನ್ನು ಚಿತ್ರೀಕರಿಸಿದ್ದು ಸ್ಪೇನಿನ ಆಲ್ಮೇರಿಯಾ ಪ್ರಾಂತದ ಬರಡು ನೆಲದಲ್ಲಿ. ಮಾಂಕೋ (ಕ್ಲಿಂಟ್ ಈಸ್ಟ್‌ವುಡ್) ಮತ್ತು ಕರ್ನಲ್ ಮಾರ್ಟಿಮರ್ (ಲೀ ವ್ಯಾನ್ ಕ್ಲೀಫ್) ಎಂಬ ಇಬ್ಬರು ಬೇಟೆಗಾರರು ಎಲ್ ಇಂಡಿಯೋ ಎಂಬ ಕ್ರೂರಿಯ ಬೆನ್ನುಹತ್ತುತ್ತಾರೆ. ಇಂಡಿಯೋನ ತಲೆಗೆ 10,000 ಡಾಲರು. ಅವನ ಬಳಿ ಸಂಗೀತ ನುಡಿಸುವ ಒಂದು ಜೇಬುಗಡಿಯಾರವಿದೆ. ಅದರ ರಾಗ ನಿಂತಾಗ ಗುಂಡು ಹಾರಬೇಕು.

ಈ ಗಡಿಯಾರದ ಸಂಗೀತವನ್ನು ರಚಿಸಿದವರು ಎನ್ನಿಯೊ ಮೊರಿಕೋನೆ (1928–2020). ಸಿಳ್ಳೆ, ಗಂಟೆ, ಗಿಟಾರುಗಳ ನಡುವೆ ನಮ್ಮ ಕಚೇರಿಗಳಲ್ಲಿ ಮೃದಂಗದೊಡನೆ ಕೇಳಿಬರುವ ಮೋರ್ಸಿಂಗಿನ ಬಂಧುವಾದ ವಾದ್ಯವೊಂದು ಈ ಚಿತ್ರದಲ್ಲಿ ಝೇಂಕರಿಸುತ್ತದೆ. ಮಾತು ಕಡಿಮೆ, ಕಣ್ಣುಗಳು ಮಾತ್ರ ಪರದೆಯನ್ನು ತುಂಬಿಕೊಂಡು ಕಾಯುತ್ತವೆ. ಆ ಕಾಯುವಿಕೆಯೇ ಈ ಚಿತ್ರಗಳ ಮೊದಲ ಆಕರ್ಷಣೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು. ಕೊನೆಯಲ್ಲಿ ಮಾಂಕೋ ಹೆಣಗಳನ್ನು ಗಾಡಿಗೆ ಹಾಕುತ್ತ ಒಬ್ಬೊಬ್ಬನ ಬೆಲೆಯನ್ನು ಕೂಡಿಸುತ್ತಾನೆ. ಮೊತ್ತ 27,000 ಆಗಬೇಕು, ಆಗುವುದಿಲ್ಲ. ಲೆಕ್ಕ ಕಡಿಮೆ ಬಂತೆಂದರೆ ಒಬ್ಬನು ಇನ್ನೂ ಬದುಕಿರಬೇಕು! ಥಟ್ಟನೆ ಹಿಂತಿರುಗಿ ಗುಂಡು ಹಾರಿಸುತ್ತಾನೆ. ಲೆಕ್ಕ ಸರಿಹೋಗುತ್ತದೆ.

ನಾನೂ ನಕ್ಕೆ. ಆಮೇಲೆ ಆ ನಗು ಗಂಟಲಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರ ದಿನಗೂಲಿಯನ್ನು ಪುಸ್ತಕದಲ್ಲಿ ಬರೆದು ವಾರಕ್ಕೊಮ್ಮೆ ಕೂಡಿಸುವ ಕೆಲಸ ಚಿಕ್ಕಂದಿನಿಂದಲೂ ನನ್ನದು. ಮೊತ್ತ ಕಡಿಮೆ ಬಂದರೆ ಅವರು ಜ್ವರದಿಂದ ಮಲಗಿದ್ದ ದಿನವೊಂದು ಅದರಲ್ಲಿ ಅಡಗಿರುತ್ತದೆ. ಅಂಕಿಯ ಹಿಂದೆ ಮನುಷ್ಯನಿದ್ದಾನೆ ಎಂಬುದನ್ನು ನಾನು ಬಲ್ಲೆ. ಲಿಯೋನೆಯೂ ಬಲ್ಲವನು; ಅದಕ್ಕೇ ಆ ಕ್ರೂರ ಲೆಕ್ಕದ ಪಕ್ಕದಲ್ಲಿಯೇ ಮಾರ್ಟಿಮರನನ್ನು ನಿಲ್ಲಿಸಿದ್ದಾನೆ. ಇಂಡಿಯೋನ ದೆಸೆಯಿಂದ ಪ್ರಾಣ ಕಳೆದುಕೊಂಡ ತರುಣಿ ಮಾರ್ಟಿಮರನ ತಂಗಿ. ಆ ಗಡಿಯಾರ ಅವಳದು. ಅದನ್ನು ಮರಳಿ ಪಡೆದ ಅವನು ಇನಾಮಿನ ಒಂದು ಕಾಸನ್ನೂ ಮುಟ್ಟದೆ ಹೊರಟುಹೋಗುತ್ತಾನೆ. ಅವನ ನಷ್ಟವನ್ನು ತುಂಬುವ ಮೊತ್ತ ಯಾವ ಗೋಡೆಯ ಮೇಲೂ ಅಚ್ಚಾಗಿರಲಿಲ್ಲ.

ಹಾಗಾದರೆ ಈ ಕಸುಬು ಹಿರಿದೆ? ಇಲ್ಲವೆಂದು ಉತ್ತರಿಸುತ್ತದೆ ಸೆರ್ಜಿಯೊ ಕೊರ್ಬುಚ್ಚಿಯ 'ದಿ ಗ್ರೇಟ್ ಸೈಲೆನ್ಸ್' (1968). ಇಲ್ಲಿ ಮರಳುಗಾಡಿಲ್ಲ, ಎಲ್ಲೆಲ್ಲಿಯೂ ಹಿಮ. ಹಸಿವಿನಿಂದ ಕದ್ದು ಬೆಟ್ಟ ಸೇರಿದ ಬಡವರ ತಲೆಗಳಿಗೂ ಬೆಲೆ ಕಟ್ಟಲಾಗಿದೆ. ಬೇಟೆಗಾರ (ಕ್ಲಾಸ್ ಕಿನ್ಸ್ಕಿ) ಇಲ್ಲಿ ಖಳನಾಯಕ. ಅವರ ಪರ ನಿಂತ ನಾಯಕನೋ (ಜ್ಯಾಂ-ಲೂಯಿ ತ್ರಂತಿನ್ಯಾಂ) ಮೂಗ. ಕಡೆಗೆ ನಾಯಕ ಸಾಯುತ್ತಾನೆ, ಬಡವರೂ ಹತರಾಗುತ್ತಾರೆ. ಕಾನೂನಿನ ಕಾಗದ ಮಾತ್ರ ಕೊಂದವನ ಕೈಯಲ್ಲಿ ಭದ್ರವಾಗಿರುತ್ತದೆ. ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆಯನ್ನು ಇಷ್ಟು ನಿಷ್ಠುರವಾಗಿ ಕೇಳಿದ ಚಿತ್ರವನ್ನು ನಾನು ಬೇರೆ ಕಂಡಿಲ್ಲ.

ಈ ಗಾಳಿ ನಮ್ಮ ನಾಡಿಗೂ ಬೀಸಿತು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ 1975ರಲ್ಲಿ ತೆರೆಕಂಡ ಹಿಂದಿಯ 'ಶೋಲೆ' ಲಿಯೋನೆಯ ಚಿತ್ರಗಳಿಗೆ ಋಣಿ. ಅಲ್ಲಿಯೂ ಗಬ್ಬರನ ತಲೆಗೆ 50,000 ರೂಪಾಯಿ. ಹಣಕ್ಕಾಗಿ ಬಂದ ಇಬ್ಬರು ಗೆಳೆಯರು ಕೊನೆಗೆ ಹೋರಾಡುವುದು ಹಣಕ್ಕಾಗಿ ಅಲ್ಲ.

ಇವು ಕೇವಲ ಗುಂಡಿನ ಚಿತ್ರಗಳೆಂದು ಮೂಗುಮುರಿಯುವವರುಂಟು. ರಕ್ತಪಾತ ಹೆಚ್ಚೆಂಬುದನ್ನು ನಾನೂ ಅಲ್ಲಗಳೆಯಲಾರೆ. ಆದರೂ ಬೆಲೆ ಬೇರೆ, ಮೌಲ್ಯ ಬೇರೆ ಎಂಬ ಹಳೆಯ ಮಾತನ್ನು ಅವು ಉಪದೇಶವಿಲ್ಲದೆ ಕಣ್ಣೆದುರು ನಿಲ್ಲಿಸುತ್ತವೆ. 'ಬಿ.ಎ. ಓದಿದರೆ ಎಷ್ಟು ಸಿಕ್ಕೀತು?' ಎಂದು ಊರಿನಲ್ಲಿ ಕೇಳುತ್ತಾರೆ. ಅದು ತಪ್ಪು ಪ್ರಶ್ನೆಯಲ್ಲ. ಮನೆಯ ಲೆಕ್ಕ ಸರಿಹೋಗಬೇಕಷ್ಟೆ. ಆದರೆ ಮಾರ್ಟಿಮರನ ಗಡಿಯಾರದಂತೆ, ಆ ಲೆಕ್ಕಕ್ಕೆ ಸೇರದ ವಸ್ತುವೊಂದು ನಮ್ಮೆಲ್ಲರ ಜೇಬಿನಲ್ಲಿಯೂ ಇರಲಿ ಎಂದು ಹಾರೈಸುತ್ತೇನೆ.