ಫಿಕ್ಸೆಡ್ ಗೇರ್ ಸೈಕಲ್: ನೋವು ಗೇರಿನದಲ್ಲ, ಜೋಡಣೆಯದು

ಹೀರೋ, ಅಟ್ಲಾಸ್‌ನಂತಹ ಹಳೆಯ ಕಪ್ಪು ಸೈಕಲ್ಲುಗಳಿಗೆ ಇರುವುದು ಒಂದೇ ಗೇರು. ಹಾಗೆಂದು ಅವು ಫಿಕ್ಸೆಡ್ ಗೇರ್ ಸೈಕಲ್ಲುಗಳಲ್ಲ. ಇಳಿಜಾರು ಬಂದಾಗ ಸವಾರ ತುಳಿಯುವುದನ್ನು ನಿಲ್ಲಿಸುತ್ತಾನೆ, ಹಿಂದಿನ ಚಕ್ರದಿಂದ ಟಿಕ್ ಟಿಕ್ ಸದ್ದು ಹೊರಡುತ್ತದೆ, ಸೈಕಲ್ ತನ್ನಷ್ಟಕ್ಕೆ ಸಾಗುತ್ತದೆ. ಆ ಸದ್ದು ಫ್ರೀವೀಲ್‌ನದು. ಫಿಕ್ಸೆಡ್ ಗೇರ್‌ನಲ್ಲಿ ಫ್ರೀವೀಲ್ ಇರುವುದೇ ಇಲ್ಲ. ಹಿಂದಿನ ಹಲ್ಲುಚಕ್ರ ಹಬ್‌ಗೆ ಬಿಗಿಯಾಗಿ ಕೂತಿರುತ್ತದೆ. ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಅದರ ಜೊತೆ ಕಾಲೂ ತಿರುಗಲೇಬೇಕು.

ಈ ಒಂದು ಗುಣದ ಸುತ್ತ ಎಷ್ಟೋ ನಂಬಿಕೆಗಳು ಬೆಳೆದಿವೆ. ಮಂಡಿ ಸವೆದುಹೋಗುತ್ತದೆ, ಬ್ರೇಕ್ ಹಾಕಿಸಿದರೆ ಸೈಕಲ್ಲಿನ ಮರ್ಯಾದೆ ಹೋಗುತ್ತದೆ, ಹತ್ತಿಪ್ಪತ್ತು ಕಿಲೋಮೀಟರಿಗಿಂತ ದೂರ ಹೋಗಲಾಗದು ಎನ್ನುವವರಿದ್ದಾರೆ. ಬಹುಪಾಲು ನಂಬಿಕೆಗಳ ಮೂಲ ಒಂದೇ: ವೆಲೋಡ್ರೋಮಿನ (ಸೈಕಲ್ ಪಂದ್ಯದ ಟ್ರ್ಯಾಕಿನ) ಸೈಕಲ್ಲನ್ನು ಏನೂ ಬದಲಿಸದೆ ರಸ್ತೆಗೆ ಇಳಿಸಿದ್ದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಕಟ್ಟಿದ ಇಂದಿರಾ ಗಾಂಧಿ ವೆಲೋಡ್ರೋಮಿನ ಒಂದು ಸುತ್ತು 250 ಮೀಟರ್. ನುಣುಪಾದ ನೆಲ, ವಾಲಿದ ತಿರುವು, ಎಲ್ಲರೂ ಒಂದೇ ದಿಕ್ಕಿಗೆ ಓಡುವವರು. ಅಲ್ಲಿ ಗುಂಡಿಯಿಲ್ಲ, ಸಿಗ್ನಲ್ ಇಲ್ಲ, ಅಡ್ಡ ಬರುವ ಆಟೋ ಇಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಂಗ್ ಪಟುಗಳು ಟ್ರ್ಯಾಕ್ ಸ್ಪರ್ಧೆಗೆ ಬಳಸುವುದು ಇದೇ ಬಗೆಯ ಸೈಕಲ್; ಆ ಕೆಲಸಕ್ಕೆ ಅದು ಸರಿಯಾದ ಸಾಧನ. ರಸ್ತೆಯ ಕೆಲಸವೇ ಬೇರೆ.

ಮೊದಲು ಬ್ರೇಕಿನ ಮಾತು, ಏಕೆಂದರೆ ಇದರಲ್ಲಿ ಜೀವದ ಪ್ರಶ್ನೆ ಇದೆ. ಟ್ರ್ಯಾಕಿನಲ್ಲಿ ಬ್ರೇಕ್ ಇಲ್ಲದಿರುವುದಕ್ಕೆ ಕಾರಣ ಸುರಕ್ಷತೆ. ಜಪಾನಿನ ಕೊಕುರಾದಲ್ಲಿ 1948ರಲ್ಲಿ ಶುರುವಾದ ಕೇರಿನ್ ಎಂಬ ಟ್ರ್ಯಾಕ್ ಪಂದ್ಯವನ್ನೇ ನೋಡಿ. ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರದಲ್ಲಿ ಸವಾರರು ನುಗ್ಗುವಾಗ ಮುಂದಿನವ ಗಕ್ಕನೆ ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ಉರುಳುತ್ತಾರೆ. ಯಾರೂ ಹಠಾತ್ತನೆ ನಿಲ್ಲಲಾಗದಂತೆ ಇರುವುದೇ ಅಲ್ಲಿ ಎಲ್ಲರಿಗೂ ಕ್ಷೇಮ. ರಸ್ತೆಯಲ್ಲಿ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಹಠಾತ್ತನೆ ನಿಲ್ಲುವ ಶಕ್ತಿ.

ಕಾಲಿನಿಂದ ಪೆಡಲನ್ನು ತಡೆದು ಹಿಂದಿನ ಚಕ್ರ ಜಾರಿಸಿದರೆ ಸಾಕು ಎಂಬ ವಾದವನ್ನು ಭೌತಶಾಸ್ತ್ರ ಒಪ್ಪುವುದಿಲ್ಲ. ಸೈಕಲ್ ನಿಧಾನವಾಗುತ್ತಿದ್ದಂತೆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟಯರಿನ ಹಿಡಿತ ಕಡಿಮೆಯಾಗುತ್ತದೆ. ಒಣ ರಸ್ತೆಯಲ್ಲಿ ಮುಂದಿನ ಬ್ರೇಕ್ ಕೊಡುವ ತಡೆಯ ಅರ್ಧದಷ್ಟೇ ಹಿಂದಿನ ಚಕ್ರವೊಂದರಿಂದ ಸಿಗುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಮುಂದಿನ ಬ್ರೇಕಿನಿಂದ ಏಳೆಂಟು ಮೀಟರಿನಲ್ಲಿ ನಿಲ್ಲಬಹುದಾದರೆ, ಹಿಂದಿನ ಚಕ್ರವನ್ನಷ್ಟೇ ನಂಬಿದವರಿಗೆ 14 ಮೀಟರಾದರೂ ಬೇಕು. ಬ್ರಿಟನ್ನಿನ 1983ರ ನಿಯಮ ಈ ಲೆಕ್ಕವನ್ನು ಗೌರವಿಸುತ್ತದೆ. ಅಲ್ಲಿ ಎರಡು ಪ್ರತ್ಯೇಕ ತಡೆ ವ್ಯವಸ್ಥೆ ಕಡ್ಡಾಯ. ಫಿಕ್ಸೆಡ್ ಹಿಂಚಕ್ರವನ್ನು ಒಂದೆಂದು ಒಪ್ಪಿದರೂ ಮುಂದಿನ ಬ್ರೇಕ್ ಇರಲೇಬೇಕು. 2016ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕ್ ಇಲ್ಲದ ಇಂಥದೇ ಸೈಕಲ್ ಡಿಕ್ಕಿಯಾಗಿ ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಮರುವರ್ಷ ಸವಾರನಿಗೆ 18 ತಿಂಗಳ ಶಿಕ್ಷೆಯಾಯಿತು.

ಜಾರಿಸಿ ನಿಲ್ಲಿಸುವ ಚಟ ಟಯರನ್ನೂ ತಿನ್ನುತ್ತದೆ. ಕಾಲು ಪ್ರತಿ ಸಲ ಒಂದೇ ಸ್ಥಾನದಲ್ಲಿ ಬಿಗಿಯುವುದರಿಂದ ಟಯರು ಸವೆಯುವುದೂ ಕೆಲವೇ ಜಾಗಗಳಲ್ಲಿ. ಮುಂದೆ 48, ಹಿಂದೆ 16 ಹಲ್ಲು ಇದ್ದರೆ ಅನುಪಾತ ಸರಿಯಾಗಿ ಮೂರು. ಸವೆಯುವ ಜಾಗ ಒಂದೇ. ಹಿಂದಿನದನ್ನು 17 ಮಾಡಿದರೆ ಅದೇ ಸವೆತ 17 ಜಾಗಗಳಿಗೆ ಹಂಚಿಹೋಗುತ್ತದೆ. ಒಂದು ಹಲ್ಲಿನ ವ್ಯತ್ಯಾಸಕ್ಕೆ ಇಷ್ಟು ಬೆಲೆ.

ಈಗ ಮಂಡಿ. ಕಾಲು ಸದಾ ತಿರುಗುವುದರಿಂದಲೇ ಮಂಡಿ ಹಾಳಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹಗುರವಾಗಿ ತಿರುಗುವ ಕಾಲಿಗೆ ಅಪಾಯ ಕಡಿಮೆ. ನೋವಿನ ಹಿಂದೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ: ಮಿತಿಮೀರಿದ ಗೇರು, ತಪ್ಪು ಎತ್ತರದ ಸೀಟು, ಮತ್ತು ಬ್ರೇಕ್ ಇಲ್ಲದ ಕಾರಣ ಪ್ರತಿ ಸಿಗ್ನಲ್ಲಿನಲ್ಲೂ ಚಕ್ರವನ್ನು ಕಾಲಿನಿಂದ ಹಿಡಿದು ನಿಲ್ಲಿಸುವ ರೂಢಿ.

ದೊಡ್ಡ ಗೇರು ಹಾಕಿದವನೇ ಗಟ್ಟಿಗ ಎಂಬ ಭಾವನೆ ದಾಖಲೆಗಳಿಂದ ಬಂದಿರಬೇಕು. 1972ರಲ್ಲಿ ಸೈಕಲ್ ಪಟು ಎಡ್ಡಿ ಮರ್ಕ್ಸ್ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ಕ್ರಮಿಸಿದಾಗ ಅವರ ಸೈಕಲ್ಲಿಗಿದ್ದದ್ದು 52-14, ಅಂದರೆ ಮುಂದೆ 52, ಹಿಂದೆ 14 ಹಲ್ಲು. ಫಿಲಿಪ್ಪೊ ಗನ್ನಾ 2022ರಲ್ಲಿ ಸ್ವಿಟ್ಜರ್ಲೆಂಡಿನ ಗ್ರೆಂಖೆನ್‌ನಲ್ಲಿ 56.792 ಕಿ.ಮೀ. ಓಡಿಸಿದ್ದು 65-14ರಲ್ಲಿ. ಆದರೆ ಇಬ್ಬರೂ ಆ ಒಂದು ಗಂಟೆಯಲ್ಲಿ ಎಲ್ಲಿಯೂ ನಿಂತು ಮತ್ತೆ ಹೊರಡಲಿಲ್ಲ. ಮರ್ಕ್ಸ್ ಅವರ ಕಾಲು ಪ್ರತಿ ನಿಮಿಷಕ್ಕೆ ಸುಮಾರು 105 ಸುತ್ತು ತಿರುಗುತ್ತಿತ್ತು ಎಂಬುದನ್ನು ಜನ ಮರೆಯುತ್ತಾರೆ. ಅವರ ಗೇರು ದೊಡ್ಡದಾಗಿ ಕಂಡರೂ ಕಾಲು ಹಗುರವಾಗಿಯೇ ಆಡುತ್ತಿತ್ತು.

ನಗರದ ಸವಾರನಿಗೆ 44-18ರ ಸುತ್ತಮುತ್ತಲಿನ ಗೇರು ಸಾಕು. ಮಾಮೂಲಿ ರೋಡ್ ಸೈಕಲ್ಲಿನ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ಈ ಗೇರಿನಲ್ಲಿ ಪೆಡಲನ್ನು ನಿಮಿಷಕ್ಕೆ 80 ಸುತ್ತು ತಿರುಗಿಸಿದರೆ ಗಂಟೆಗೆ 24–25 ಕಿ.ಮೀ. ವೇಗ ಸಿಗುತ್ತದೆ. ಅಂಗಡಿಯಿಂದ ಬರುವ ಹಲವು ಸೈಕಲ್ಲುಗಳಿಗೆ 46-16 ಕೂರಿಸಿರುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಅದು ಹಿತವೆನಿಸಿದರೂ ಮೇಲ್ಸೇತುವೆ ಏರುವಾಗ, ಸಿಗ್ನಲ್ ಬಿಟ್ಟು ಹೊರಡುವಾಗ ಇಡೀ ಭಾರ ಮಂಡಿಯ ಮೇಲೆ ಬೀಳುತ್ತದೆ. ಹಿಂದಿನ ಹಲ್ಲುಚಕ್ರ ಬದಲಿಸುವುದು ಸಣ್ಣ ಖರ್ಚಿನ ಕೆಲಸ, ಮೊದಲು ಮಾಡಿಸಬೇಕಾದದ್ದೂ ಅದೇ. ಚಿಕ್ಕ ಗೇರಿನಿಂದ ಒಂದು ನಷ್ಟ ಇದೆ. ಇಳಿಜಾರಿನಲ್ಲಿ ವೇಗ 50 ಕಿ.ಮೀ. ಮುಟ್ಟಿದರೆ 44-18ರಲ್ಲಿ ಸವಾರನ ಕಾಲು ಪ್ರತಿ ನಿಮಿಷಕ್ಕೆ 160 ಸುತ್ತು ದಾಟಬೇಕಾಗುತ್ತದೆ, ಸವಾರ ಸೀಟಿನ ಮೇಲೆ ಕುಪ್ಪಳಿಸತೊಡಗುತ್ತಾನೆ. ಇಳಿಜಾರಿನ ಆರಂಭದಲ್ಲೇ ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು ವೇಗವನ್ನು ಅಂಕೆಯಲ್ಲಿಟ್ಟರೆ ಈ ತೊಂದರೆಯೇ ಬರುವುದಿಲ್ಲ.

ಸೀಟಿನ ಎತ್ತರಕ್ಕೆ ಒಂದು ಸರಳ ಪರೀಕ್ಷೆ ಇದೆ. ಗೋಡೆಗೆ ಆನಿಸಿದ ಸೈಕಲ್ ಮೇಲೆ ಕೂತು, ಹಿಮ್ಮಡಿಯನ್ನು ಅತಿ ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೇರವಾಗಬೇಕು. ಪಾದದ ಮುಂಭಾಗವನ್ನು ಇಟ್ಟು ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ. ಲೆಕ್ಕದಲ್ಲೇ ಬೇಕೆನ್ನುವವರು ತೊಡೆಸಂದಿನಿಂದ ನೆಲದವರೆಗಿನ ಉದ್ದವನ್ನು 0.883ರಿಂದ ಗುಣಿಸುತ್ತಾರೆ. ಅದು 80 ಸೆಂ.ಮೀ. ಇದ್ದರೆ, ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 70.6 ಸೆಂ.ಮೀ. ಬರುತ್ತದೆ. ಫಿಕ್ಸೆಡ್ ಗೇರ್‌ನಲ್ಲಿ ಈ ಅಳತೆಗಿಂತ ಕೆಲವು ಮಿ.ಮೀ. ತಗ್ಗಿಸುವುದು ಒಳ್ಳೆಯದು. ಫ್ರೀವೀಲ್ ಸೈಕಲ್ಲಿನಲ್ಲಿ ಕಾಲು ಎಟುಕದಿದ್ದರೆ ಸವಾರ ಒಂದು ಗಳಿಗೆ ನಿಲ್ಲಿಸಬಹುದು. ಇಲ್ಲಿ ಪೆಡಲ್ ಕಾಲನ್ನು ಎಳೆದುಕೊಂಡೇ ಹೋಗುತ್ತದೆ, ಸೊಂಟ ಪ್ರತಿ ಸುತ್ತಿಗೂ ಅತ್ತಿತ್ತ ವಾಲುತ್ತದೆ. ಬೆನ್ನುನೋವು ಅಲ್ಲಿಂದ ಶುರು.

ಮೆತ್ತನೆಯ ದಪ್ಪ ಸೀಟು ಹಾಕಿಸಿದರೆ ಆರಾಮ ಎಂಬುದೂ ಅರ್ಧ ಸತ್ಯವಷ್ಟೆ. ಕೂತಾಗ ಭಾರ ಹೊರಬೇಕಾದದ್ದು ಕೆಳಗಿನ ಎರಡು ಕೂರುವ ಮೂಳೆಗಳು. ಸೀಟು ಅವುಗಳ ಅಗಲಕ್ಕೆ ಹೊಂದಬೇಕು; ತೀರಾ ಮೆತ್ತಗಿದ್ದರೆ ಮೂಳೆ ಒಳಗಿಳಿದು, ಒತ್ತಡ ನಡುವಿನ ಮೃದು ಭಾಗದ ಮೇಲೆ ಬೀಳುತ್ತದೆ. ಹ್ಯಾಂಡಲ್ಲಿನ ವಿಷಯದಲ್ಲೂ ಫ್ಯಾಶನ್ ಕೆಡುಕು ಮಾಡಿದೆ. ವಾಹನಗಳ ಸಂದಿಯಲ್ಲಿ ನುಸುಳಲೆಂದು ತೀರಾ ಗಿಡ್ಡವಾಗಿ ಕತ್ತರಿಸಿದ ನೇರ ಹ್ಯಾಂಡಲ್ ನೋಡಲು ಚೆಂದ, ಆದರೆ ಕೈಗೆ ಒಂದೇ ಭಂಗಿ. ಅರ್ಧ ಗಂಟೆಯಲ್ಲಿ ಕಿರುಬೆರಳು ಜೋಮು ಹಿಡಿಯುತ್ತದೆ. ಭುಜದಷ್ಟು ಅಗಲದ, ಕೈ ಇಡಲು ಎರಡು ಮೂರು ಜಾಗ ಇರುವ ಡ್ರಾಪ್ ಹ್ಯಾಂಡಲ್ ಅಥವಾ ಕೋಡಿನಂತೆ ಮುಂದಕ್ಕೆ ಚಾಚಿದ ಬುಲ್‌ಹಾರ್ನ್ ದೂರದ ದಾರಿಗೆ ತಕ್ಕದ್ದು.

ಗುಂಡಿ ಬಂದಾಗ ಸಾಮಾನ್ಯ ಸವಾರ ಎರಡೂ ಪೆಡಲ್ ಸಮನಾಗಿ ಹಿಡಿದು ಎದ್ದು ನಿಲ್ಲುತ್ತಾನೆ. ಇಲ್ಲಿ ಕಾಲು ತಿರುಗುತ್ತಲೇ ಇರುವುದರಿಂದ ಅದು ಸಾಧ್ಯವಿಲ್ಲ. ಸೀಟಿನಿಂದ ಕೊಂಚ ಹಗುರಾಗಬಹುದು, ಅಷ್ಟೆ. ಹಾಗಾಗಿ ಟಯರೇ ಏಟನ್ನು ನುಂಗಬೇಕು. ತೆಳ್ಳಗಿನ 23 ಮಿ.ಮೀ. ಟಯರಿಗೆ ಕಲ್ಲಿನಂತೆ ಗಾಳಿ ತುಂಬಿದರೆ ವೇಗ ಹೆಚ್ಚು ಎಂಬ ಹಳೆಯ ನಂಬಿಕೆಯನ್ನು ವೃತ್ತಿಪರ ರೋಡ್ ರೇಸಿನವರೇ ಕೈಬಿಟ್ಟಿದ್ದಾರೆ. ಅವರ ಸೈಕಲ್ಲುಗಳಲ್ಲೂ ಈಗ 28 ಮಿ.ಮೀ. ಟಯರು ಸಾಮಾನ್ಯ. ಫ್ರೇಮಿನಲ್ಲಿ ಜಾಗ ಇದೆಯೇ ಎಂದು ಮೊದಲು ನೋಡಬೇಕು, ಟ್ರ್ಯಾಕ್ ಫ್ರೇಮುಗಳಲ್ಲಿ ಹಲವಕ್ಕೆ 25ಕ್ಕಿಂತ ದಪ್ಪ ಟಯರು ಹಿಡಿಯುವುದಿಲ್ಲ. ತಿರುವಿನಲ್ಲಿ ವಾಲಿದಾಗ ಪೆಡಲ್ ನೆಲಕ್ಕೆ ತಾಗುವ ಅಪಾಯವೂ ಉಂಟು. ಟ್ರ್ಯಾಕ್ ಸೈಕಲ್ಲುಗಳಿಗೆ 165 ಮಿ.ಮೀ.ನ ಗಿಡ್ಡ ಕ್ರ್ಯಾಂಕ್ ಹಾಕುವ ಪದ್ಧತಿ ಅದಕ್ಕೇ ಬಂದದ್ದು. ರಸ್ತೆಗೂ ಅದನ್ನು ಉಳಿಸಿಕೊಳ್ಳುವುದು ಜಾಣತನ.

ಪಾದವನ್ನು ಪೆಡಲಿಗೆ ಪಟ್ಟಿಯಿಂದ ಕಟ್ಟಿಕೊಂಡರೆ ಬೀಳುವುದು ಖಚಿತ ಎಂದು ಹೊಸಬರು ಹೆದರುತ್ತಾರೆ. ಕಟ್ಟದಿದ್ದರೆ ಅಪಾಯ ಇನ್ನೂ ಹೆಚ್ಚು. ವೇಗದಲ್ಲಿ ಪಾದ ಜಾರಿದರೆ ತಿರುಗುವ ಪೆಡಲ್ ಮೀನಖಂಡಕ್ಕೆ ಬಡಿಯುತ್ತದೆ, ಕಾಲನ್ನು ಮತ್ತೆ ಅದರ ಮೇಲಿಡುವುದು ಕಷ್ಟ. ಸಿಗ್ನಲ್ಲಿನಲ್ಲಿ ಪೆಡಲ್ ಬೇಕಾದ ಎತ್ತರದಲ್ಲಿ ನಿಲ್ಲದಿದ್ದರೆ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಮುಂದಕ್ಕೆ ಒತ್ತಿದರಾಯಿತು. ಹಿಂದಿನ ಚಕ್ರ ಮೇಲೇಳುತ್ತದೆ, ಪೆಡಲನ್ನು ಕಾಲಿನಿಂದಲೇ ತಿರುಗಿಸಿ ಸರಿಮಾಡಿಕೊಳ್ಳಬಹುದು.

ದೂರ ಹೋಗಲಾಗದು ಎಂಬುದಕ್ಕೆ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯೇ ಉತ್ತರ. ಗರಿಷ್ಠ 90 ಗಂಟೆಯಲ್ಲಿ 1,200 ಕಿ.ಮೀ. ಮುಗಿಸಬೇಕಾದ ಆ ದಾರಿಯನ್ನು ಫಿಕ್ಸೆಡ್ ಗೇರ್‌ನಲ್ಲಿ ಪೂರೈಸಿದವರಿದ್ದಾರೆ. ಬ್ರಿಟನ್ನಿನ ಕ್ಲಬ್ಬುಗಳ ಸವಾರರು ಚಳಿಗಾಲದ ತರಬೇತಿಗೆ ತಲೆಮಾರುಗಳಿಂದ ಚಿಕ್ಕ ಫಿಕ್ಸೆಡ್ ಗೇರನ್ನು ನಂಬಿದ್ದಾರೆ. ಅವರ ಸೈಕಲ್ಲುಗಳಿಗೆ ಬ್ರೇಕ್ ಇರುತ್ತದೆ, ಮಡ್‌ಗಾರ್ಡ್ ಕೂಡ ಇರುತ್ತದೆ.

ಎಲ್ಲ ಸರಿಯಾದ ಮೇಲೂ ಎರಡು ಕಡೆ ಕಣ್ಣಿಡಬೇಕು. ಹಲ್ಲುಚಕ್ರವನ್ನು ಹಿಡಿದಿಡುವ ಲಾಕ್‌ರಿಂಗ್‌ನ ತಿರುಪು ಉಲ್ಟಾ ಇರುತ್ತದೆ. ಸವಾರ ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ಹೋದರೆ ಲಾಕ್‌ರಿಂಗ್ ಇನ್ನಷ್ಟು ಬಿಗಿಯಾಗಿ ತಡೆಯುತ್ತದೆ. ಮಾಮೂಲಿ ಫ್ರೀವೀಲ್ ಹಬ್‌ಗೆ ಅಂಟು ಹಚ್ಚಿ ಹಲ್ಲುಚಕ್ರ ಕೂರಿಸುವವರಿದ್ದಾರೆ. ಅಂಥ ಸೈಕಲ್ಲನ್ನು ಹತ್ತಲೇಬಾರದು. ಚೈನು ಸಡಿಲವಾದರೆ ಕಳಚಿ ಚಕ್ರವನ್ನೇ ಸಿಕ್ಕಿಸಬಹುದು, ಅತಿ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಪೆಡಲ್ ತಿರುಗಿಸಿ ಚೈನು ಅತಿ ಬಿಗಿಯಾಗುವ ಜಾಗ ಹುಡುಕಿ, ಅಲ್ಲಿ ಅರ್ಧ ಅಂಗುಲದಷ್ಟು ಆಡುವಂತೆ ಇಟ್ಟರೆ ಸರಿ. ಮತ್ತೊಂದು ಮಾತನ್ನು ಪ್ರತಿಯೊಬ್ಬ ಸವಾರರೂ ದಯವಿಟ್ಟು ನೆನಪಿಡಬೇಕು: ಚಕ್ರ ತಿರುಗುತ್ತಿರುವಾಗ ಚೈನನ್ನು ಬಟ್ಟೆಯಿಂದ ಒರೆಸಬೇಡಿ. ಫ್ರೀವೀಲ್ ಇಲ್ಲದ ಚೈನು ಬಟ್ಟೆ ಸಿಕ್ಕಿದರೂ ನಿಲ್ಲುವುದಿಲ್ಲ, ಬೆರಳು ಸಿಕ್ಕಿದರೂ ನಿಲ್ಲುವುದಿಲ್ಲ. ಹೀಗೆ ಬೆರಳು ಕಳೆದುಕೊಂಡವರಿದ್ದಾರೆ. ಚಕ್ರ ಪೂರ್ತಿ ನಿಂತ ಮೇಲೆ ಕೈ ಹಾಕಿ, ಮಕ್ಕಳನ್ನು ಆಗ ದೂರವಿಡಿ.